ಪದ ಪರಿಚಯ: ಕೃಪೆ

ಅಡಿಕೆಯ ಕೊಳೆರೋಗದ ಕುರಿತು ನಾನು ಬರೆದು ಅಂತರ್ಜಾಲದಲ್ಲಿ ಪ್ರಕಟಿಸಿದ್ದ ಲೇಖನವೊಂದು, ನನಗೆ ಪರಿಚಯವೇ ಇಲ್ಲದ ತಾಣವೊಂದರಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಮರುಪ್ರಕಟವಾಗಿರುವುದನ್ನು ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಸ್ನೇಹಿತರೊಬ್ಬರು ತೋರಿಸಿದರು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಹೆಸರಿರಬೇಕಾದ ಜಾಗದಲ್ಲಿ ‘ಕೃಪೆ: ಅಂತರ್ಜಾಲ’ ಎಂದಿತ್ತು. ದೂರವಾಣಿಯಲ್ಲಿ ವಿಚಾರಿಸಿದಾಗ ಆ ಕಡೆಯವರು, ‘ಕೃಪೆ ಅಂತ ಹಾಕಿದ್ದೇವಲ್ಲ ಸಾರ್, ಇನ್ನೇನು ಮಾಡಬೇಕಿತ್ತು?’ ಎಂದು ಕೇಳಿದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಆ ಒಂದು ಪದವನ್ನು ಹಾಕಿದರೆ ತಮ್ಮ ಕರ್ತವ್ಯ ಮುಗಿಯಿತೆಂದು ಅವರು ನಿಜವಾಗಿಯೂ ನಂಬಿದ್ದರು. ಆಮೇಲೆ ‘ಕೃಪೆ: ವಾಟ್ಸ್‌ಆ್ಯಪ್’, ‘ಕೃಪೆ: ಗೂಗಲ್’, ‘ಕೃಪೆ: ಫೇಸ್‌ಬುಕ್’ ಎಂಬ ಸಾಲುಗಳು ದಿನಕ್ಕೊಂದರಂತೆ ಕಣ್ಣಿಗೆ ಬೀಳತೊಡಗಿದ ಮೇಲೆ, ಈ ಪದವನ್ನು ಬಿಡಿಸಿ ನೋಡದೆ ಇರಲು ನನ್ನಿಂದ ಆಗಲಿಲ್ಲ.

‘ಕೃಪಾ’ ಎಂಬ ಸಂಸ್ಕೃತ ಶಬ್ದವು, ಮಾಲಾ ಎಂಬುದು ಮಾಲೆಯಾದಂತೆ, ಶಾಲಾ ಎಂಬುದು ಶಾಲೆಯಾದಂತೆ, ಕನ್ನಡಕ್ಕೆ ಬಂದು ‘ಕೃಪೆ’ಯಾಗಿದೆ. ಇಂದು ನಾವು ಅದನ್ನು ಅನುಗ್ರಹ ಎಂಬ ಅರ್ಥದಲ್ಲಿ ಬಳಸುತ್ತೇವಾದರೂ ಅದರ ಹಳೆಯ ಅರ್ಥ ಮರುಕ. ಇನ್ನೊಬ್ಬರ ಸ್ಥಿತಿಯನ್ನು ಕಂಡು ಮನಸ್ಸು ಕರಗುವುದು. ಭಗವದ್ಗೀತೆಯ ಎರಡನೆಯ ಅಧ್ಯಾಯದ ಮೊದಲ ಶ್ಲೋಕದಲ್ಲಿ ಸಂಜಯನು ಅರ್ಜುನನನ್ನು ‘ಕೃಪಯಾವಿಷ್ಟ’ನೆಂದು ವರ್ಣಿಸುವಾಗ ಅಲ್ಲಿರುವುದು ಅನುಗ್ರಹವಲ್ಲ, ಈ ಮರುಕವೇ. ಜಿಪುಣನೆಂಬ ಅರ್ಥದಲ್ಲಿ ನಾವು ಬಳಸುವ ‘ಕೃಪಣ’ನೂ ಇದೇ ಬಳಗದವನು: ಮೊದಲು ಆ ಪದಕ್ಕಿದ್ದ ಅರ್ಥ ಮರುಕ ಹುಟ್ಟಿಸುವಂತಹ ದೀನ ಎಂದು; ಕೈಬಿಚ್ಚದವನು ಎಂಬ ಅರ್ಥ ಅನಂತರ ಸೇರಿಕೊಂಡಿತು.

ಈ ಪದದ ಒಳಗನ್ನು ಕಾಣಬೇಕಾದರೆ ಮಹಾಭಾರತದ ಆದಿಪರ್ವಕ್ಕೆ ಹೋಗಬೇಕು. ಬೇಟೆಗೆ ಹೋಗಿದ್ದ ಶಂತನುವಿನ ಪರಿವಾರದವನೊಬ್ಬನಿಗೆ ಕಾಡಿನಲ್ಲಿ ಅವಳಿ ಶಿಶುಗಳು ಸಿಗುತ್ತವೆ. ಹೆತ್ತವರು ಯಾರೂ ಕಾಣುವುದಿಲ್ಲ. ಪಕ್ಕದಲ್ಲಿ ಬಿಲ್ಲುಬಾಣಗಳೂ ಕೃಷ್ಣಾಜಿನವೂ, ಎಂದರೆ ಕಪ್ಪು ಜಿಂಕೆಯ ಚರ್ಮವೂ, ಬಿದ್ದಿರುತ್ತವೆ. ಅರಸನು ಮರುಕಗೊಂಡು ಆ ಶಿಶುಗಳನ್ನು ಮನೆಗೆ ತಂದು ಸಾಕುತ್ತಾನೆ, ಮತ್ತು ಕೃಪೆಯಿಂದ ಬೆಳೆಸಿದ ಮಕ್ಕಳಾದ್ದರಿಂದ ಕೃಪ, ಕೃಪಿ ಎಂದೇ ಹೆಸರಿಡುತ್ತಾನೆ. ಕಥೆಯನ್ನು ಇಷ್ಟಕ್ಕೇ ನಿಲ್ಲಿಸುವವರು ಹೆಚ್ಚು. ಆದರೆ ಮುಂದಿನ ಭಾಗವೇ ಮುಖ್ಯವಾದದ್ದು: ಆ ಮಕ್ಕಳ ತಂದೆ ಶರದ್ವಂತನು ತಪೋಬಲದಿಂದ ಸಂಗತಿಯನ್ನು ತಿಳಿದು, ತಾನೇ ಅಲ್ಲಿಗೆ ಬಂದು ಮಗನಿಗೆ ಗೋತ್ರ ಮೊದಲಾದುದೆಲ್ಲವನ್ನೂ ಹೇಳುತ್ತಾನೆ, ಧನುರ್ವಿದ್ಯೆಯನ್ನು ಕಲಿಸುತ್ತಾನೆ. ಕೃಪನು ಶಂತನುವಿನ ಅರಮನೆಯಲ್ಲಿ ಬೆಳೆದರೂ ಕಾವ್ಯದುದ್ದಕ್ಕೂ ಶಾರದ್ವತ, ಗೌತಮ ಎಂಬ ತಂದೆಯ ಕಡೆಯ ಹೆಸರುಗಳಿಂದಲೇ ಕರೆಸಿಕೊಳ್ಳುತ್ತಾನೆ. ಕಾಡಿನಲ್ಲಿ ಸಿಕ್ಕಿದ ಶಿಶುವಿಗೂ ಒಬ್ಬ ತಂದೆಯಿದ್ದನು; ಸಾಕಿದವನು ಕೃಪೆ ಮಾಡಿದವನೇ ಹೊರತು ಹುಟ್ಟಿಸಿದವನಲ್ಲ; ಸಿಕ್ಕಿದ ಜಾಗವಾದ ಕಾಡಿನ ಹೆಸರನ್ನಂತೂ ಯಾರೂ ಆ ಮಕ್ಕಳಿಗೆ ಇಡಲಿಲ್ಲ. ‘ಅಂತರ್ಜಾಲದಲ್ಲಿ ಸಿಕ್ಕಿತು’ ಎಂದು ಹೇಳಿ ಬರಹವೊಂದಕ್ಕೆ ಅಂತರ್ಜಾಲವನ್ನೇ ಮೂಲಪುರುಷನನ್ನಾಗಿ ಮಾಡುವವರು ಈ ಕಥೆಯ ಉತ್ತರಾರ್ಧವನ್ನು ಓದಬೇಕೆಂದು ನನಗೆ ಅನ್ನಿಸುತ್ತದೆ.

ಕೃಪೆಯೊಡನೆ ಕನ್ನಡದಲ್ಲಿ ಯಾವ ಕ್ರಿಯಾಪದಗಳು ಕೂಡುತ್ತವೆಂಬುದನ್ನೂ ಗಮನಿಸಬೇಕು. ಕೃಪೆ ಮಾಡುತ್ತಾರೆ, ತೋರುತ್ತಾರೆ, ಕೃಪೆ ಆಗುತ್ತದೆ, ಪಡೆಯುವವನು ಕೃಪೆಗೆ ಪಾತ್ರನಾಗುತ್ತಾನೆ, ಎಂದರೆ ಪಾತ್ರೆಯಂತೆ ಕಾದಿರುತ್ತಾನೆ. ಯಾರೂ ಕೃಪೆಯನ್ನು ‘ತೆಗೆದುಕೊಂಡು ಬರು’ವುದಿಲ್ಲ. ಸಾಗರದ ಕಡೆಯ ಬಸ್ಸಿನ ಗಾಜಿನ ಮೇಲೆ ‘ಶ್ರೀ ಸಿಗಂದೂರು ಚೌಡೇಶ್ವರಿ ಕೃಪೆ’ ಎಂದು ಬರೆಸುವ ಮಾಲೀಕನಿಗೆ ಕೊಡುವವಳು ಯಾರೆಂಬುದು ಸ್ಪಷ್ಟವಾಗಿ ಗೊತ್ತಿರುತ್ತದೆ. ಯಕ್ಷಗಾನ ಮೇಳಗಳ ಹೆಸರಿನೊಂದಿಗೆ ಬರುವ ‘ಕೃಪಾಪೋಷಿತ’ ಎಂಬ ಮಾತಿನಲ್ಲಿಯೂ ಪೋಷಿಸುವ ದೇವತೆಯ ಹೆಸರು ಮೊದಲು ಬಂದಿರುತ್ತದೆ. ಆರಿದ್ರೆ ಮಳೆ ಹಿಡಿದಾಗ ‘ವರುಣನ ಕೃಪೆ’ ಎನ್ನುವ ರೈತನೂ ಕೊಡುವವನನ್ನು ಮರೆಯುವುದಿಲ್ಲ. ನಮ್ಮ ಕಡೆ ಪಕ್ಕದ ಮನೆಯಿಂದ ಕಾಫಿಗೆ ಹಾಲನ್ನು ಕಡ ತರುವಾಗ ‘ಇಸ್ಕೊಂಡು ಬಾ’ ಎನ್ನುತ್ತಾರೆ. ಇಸಿದುಕೊಳ್ಳುವುದಕ್ಕೆ ಆಚೆ ಕಡೆ ಕೊಡುವ ಕೈಯೊಂದು ಇರಲೇಬೇಕು. ಅಂತಹ ಕೈಯಿಲ್ಲದೆ ತಂದದ್ದಕ್ಕೆ ಕನ್ನಡದಲ್ಲಿ ಬೇರೆ ಕ್ರಿಯಾಪದವಿದೆ, ಅದು ಎಲ್ಲರಿಗೂ ತಿಳಿದಿದೆ.

ಪತ್ರಿಕೆಗಳಲ್ಲಿ ಈ ಪದಕ್ಕಿರುವ ಬಳಕೆ ಇಂಗ್ಲಿಷಿನ ‘ಕರ್ಟೆಸಿ’ಗೆ ಸಮನಾದದ್ದು. ಗ್ರಂಥಾಲಯವೋ ಕುಟುಂಬವೋ ತನ್ನಲ್ಲಿದ್ದ ಹಳೆಯ ಛಾಯಾಚಿತ್ರವನ್ನು ಅಚ್ಚಿಗೆಂದು ಕೊಟ್ಟಾಗ ಕೆಳಗೆ ‘ಚಿತ್ರಕೃಪೆ’ ಎಂದು ಹಾಕಿ ಅವರನ್ನು ಸ್ಮರಿಸುವುದು ಮರ್ಯಾದೆಯ ಪದ್ಧತಿ. ಆ ಪುಟ್ಟ ಪದದಲ್ಲಿ ಎರಡು ಹೇಳಿಕೆಗಳು ಅಡಗಿರುತ್ತವೆ: ಇದು ಇಂಥವರದು ಎಂಬುದು ಒಂದು, ಇದನ್ನು ಅವರು ಮನಃಪೂರ್ವಕವಾಗಿ ಕೊಟ್ಟಿದ್ದಾರೆ ಎಂಬುದು ಇನ್ನೊಂದು. ಕೇಳದೆ ತೆಗೆದುಕೊಂಡು ಲೇಖಕನ ಹೆಸರಿನೊಂದಿಗೆ ‘ಕೃಪೆ’ ಎಂದು ಬರೆದಾಗ ಎರಡನೆಯ ಹೇಳಿಕೆ ಸುಳ್ಳಾಗುತ್ತದೆ. ‘ಕೃಪೆ: ಅಂತರ್ಜಾಲ’ ಎಂದಾಗ ಎರಡೂ ಸುಳ್ಳಾಗುತ್ತವೆ. ಅಂಚೆಯಲ್ಲಿ ಬಂದ ಪತ್ರವನ್ನು ಯಾರು ಬರೆದರೆಂದು ಕೇಳಿದರೆ ‘ಅಂಚೆ ಇಲಾಖೆ’ ಎಂದು ಯಾರೂ ಉತ್ತರಿಸುವುದಿಲ್ಲ. ವಾಟ್ಸ್‌ಆ್ಯಪ್ಪಿನಲ್ಲಿ ಬಂದ ಬರಹಕ್ಕೆ ವಾಟ್ಸ್‌ಆ್ಯಪ್ಪನ್ನು ಕರ್ತೃವೆನ್ನುವುದು ಮಾತ್ರ ನಮಗೆ ಸಹಜವೆಂಬಂತೆ ಅಭ್ಯಾಸವಾಗಿಬಿಟ್ಟಿದೆ. ‘ಸಂಗ್ರಹ’ ಎಂಬ ಪದದ ಗತಿಯೂ ಇದೇ. ಒಬ್ಬರ ಒಂದೇ ಲೇಖನವನ್ನು ಪೂರ್ತಿ ಎತ್ತಿ ಹಾಕಿ ಕೆಳಗೆ ತನ್ನ ಹೆಸರಿನೊಂದಿಗೆ ‘ಸಂಗ್ರಹ’ ಎಂದು ಬರೆದರೆ ಅಲ್ಲಿ ಸಂಗ್ರಹವಾದದ್ದೇನು?

ಕರ್ತೃವನ್ನು ಗುರುತಿಸುವ ಪದ್ಧತಿ ಹೊರಗಿನಿಂದ ಬಂದ ಹೊಸ ಶಿಸ್ತೆಂದು ಹೇಳುವವರಿಗೆ ವಚನಗಳ ಕೊನೆಯ ಸಾಲಿನಲ್ಲಿ ಬರುವ ಅಂಕಿತವನ್ನು ನೆನಪಿಸಬೇಕಾಗುತ್ತದೆ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವು. ಅಂಕಿತವೆಂಬುದು ಇಷ್ಟದೈವದ ಹೆಸರೇ ಹೊರತು ಬರೆದವರ ಹೆಸರಲ್ಲ. ಆದರೂ ಚೆನ್ನಮಲ್ಲಿಕಾರ್ಜುನ ಎಂದಾಗ ಅಕ್ಕನೂ ಗುಹೇಶ್ವರ ಎಂದಾಗ ಅಲ್ಲಮನೂ 12ನೆಯ ಶತಮಾನದಿಂದ ಇಂದಿನವರೆಗೆ ನಮಗೆ ಗುರುತು ಸಿಗುತ್ತಾರೆ. ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಹೋಗುವ ಮಾತು ತನ್ನ ಗುರುತನ್ನು ತನ್ನೊಳಗೇ ಹೊತ್ತು ಹೋಗಲಿ ಎಂಬಂತಿರುವ ಆ ಕೊನೆಯ ಸಾಲನ್ನು ಕತ್ತರಿಸಿ, ಹೂವಿನ ಚಿತ್ರದ ಮೇಲೆ ಹಾಕಿ ಹಂಚುವುದನ್ನು ಕಂಡಾಗ ನನಗೆ ಆಗುವ ಸಂಕಟ ಸಣ್ಣದಲ್ಲ.

ಇನ್ನು ಹೆಸರು ಹಾಕಿದವರ ವಿಷಯ. ಹೆಸರಿಲ್ಲದೆ ಅಥವಾ ತನ್ನ ಹೆಸರಿನಲ್ಲಿ ಹಾಕಿಕೊಳ್ಳುವುದು ಕೃತಿಚೌರ್ಯ. ಹೆಸರಿದ್ದರೂ ಅನುಮತಿಯಿಲ್ಲದೆ ಇಡೀ ಬರಹವನ್ನು ಪ್ರಕಟಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆ. ಈ ಎರಡನ್ನೂ ಒಂದೆಂದು ತಿಳಿದಿರುವುದರಿಂದಲೇ ‘ಹೆಸರು ಹಾಕಿದ ಮೇಲೆ ತಪ್ಪೇನು?’ ಎಂಬ ಪ್ರಶ್ನೆ ಹುಟ್ಟುತ್ತದೆ. ನಮ್ಮ ತೋಟಗಳಲ್ಲಿ ಇದಕ್ಕೆ ಒಪ್ಪುವ ವ್ಯವಹಾರವೊಂದಿದೆ. ಚೇಣಿಗೆ ಹಿಡಿದವನು ತೋಟದವನೊಡನೆ ಮಾತಾಡಿ, ದರ ನಿಶ್ಚಯಿಸಿ, ಆ ವರ್ಷದ ಫಸಲನ್ನು ಕೊಯ್ಯುತ್ತಾನೆ. ತೋಟ ತೋಟದವನದೇ ಆಗಿ ಉಳಿಯುತ್ತದೆ. ಬರಹಕ್ಕೆ ಕೊಡುವ ಪರವಾನಗಿ ಈ ಚೇಣಿಯಂತಹದು, ಮತ್ತು 1957ರ ಹಕ್ಕುಸ್ವಾಮ್ಯ ಕಾಯ್ದೆಯ 30ನೆಯ ಕಲಮು ಅದು ಲಿಖಿತವಾಗಿರಬೇಕೆನ್ನುತ್ತದೆ. ಮಾತೇ ಆಡದೆ ಅಡಿಕೆಗೊನೆ ಇಳಿಸಿ, ಮಾರುವ ಮಂಡಿಗೆ ಹೊತ್ತು, ಮೂಟೆಯ ಮೇಲೆ ತೋಟದವನ ಹೆಸರನ್ನು ಬರೆದ ಮಾತ್ರಕ್ಕೆ ಅದು ಚೇಣಿಯಾಗುವುದಿಲ್ಲ.

ಅದೇ ಕಾಯ್ದೆಯ ಪ್ರಕಾರ ಬರಹವನ್ನು ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಕೆಳಗೆ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂದು ಬರೆಯದಿದ್ದರೂ ಹಕ್ಕು ಹೋಗುವುದಿಲ್ಲ. ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಅದು ಉಳಿಯುತ್ತದೆ. ಕುಪ್ಪಳಿಯ ಹೆಮ್ಮೆಯಾದ ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ. ಆದ್ದರಿಂದ ಅವರ ಬರಹಗಳ ಹಕ್ಕು 2054ರ ಕೊನೆಯವರೆಗೂ ಇರುತ್ತದೆ, ‘ಕೃಪೆ: ಕುವೆಂಪು’ ಎಂದು ಬರೆದು ಇಡೀ ಕವನವನ್ನು ಹಾಕುವವರು ಇದನ್ನು ಗಮನಿಸುವುದಿಲ್ಲ. ವಿಮರ್ಶೆಗೆ, ಸ್ವಂತ ಅಧ್ಯಯನಕ್ಕೆ, ಪ್ರಚಲಿತ ವಿದ್ಯಮಾನಗಳ ವರದಿಗೆ ನ್ಯಾಯವಾದ ಪ್ರಮಾಣದಲ್ಲಿ ಬಳಸಿಕೊಳ್ಳಲು 52ನೆಯ ಕಲಮು ಅವಕಾಶ ಕೊಡುತ್ತದೆ. ಕನ್ನಡ ವಿಕಿಪೀಡಿಯದಂತೆ ಮುಕ್ತ ಪರವಾನಗಿಯಲ್ಲಿ ತಾವಾಗಿಯೇ ಕೊಟ್ಟವರ ಬರಹವನ್ನು ಅವರ ನಿಬಂಧನೆಗಳಂತೆ ಬಳಸಬಹುದು. ಅಲ್ಲಿ ಕೊಡುವ ಕೈ ಮೊದಲೇ ಚಾಚಿರುತ್ತದೆ.

ಬರಹಗಳನ್ನು ಎತ್ತುವ ತಾಣಗಳ ಕೆಲಸವನ್ನು ಬಹುಮಟ್ಟಿಗೆ ಯಂತ್ರವೇ ಮಾಡುತ್ತದೆ. ಹೊಸ ಬರಹ ತಾನಾಗಿಯೇ ತಲುಪಲೆಂದು ಓದುಗರ ಅನುಕೂಲಕ್ಕೆ ಲೇಖಕರು ತೆರೆದಿಟ್ಟ ಫೀಡಿನಿಂದ ಹೊಸ ಬರಹವನ್ನು ಹೊರಬಂದ ಕೆಲವೇ ನಿಮಿಷಗಳಲ್ಲಿ ಎಳೆದುಕೊಂಡು, ಸುತ್ತ ಜಾಹೀರಾತು ಕೂರಿಸಿ ಪ್ರಕಟಿಸುವ ತಂತ್ರಾಂಶಗಳಿವೆ. ಹುಡುಕುವವರಿಗೆ ಮೂಲಕ್ಕಿಂತ ಮೊದಲು ನಕಲೇ ಸಿಗುವುದೂ ಉಂಟು, ಆಗ ಜಾಹೀರಾತಿನ ಹಣ ನಕಲಿನವರಿಗೇ ಹೋಗುತ್ತದೆ. ಬರಹವನ್ನು ತನ್ನಲ್ಲಿ ಇರಿಸಿಕೊಂಡು ತೋರಿಸುವ ಮಧ್ಯವರ್ತಿಗೆ ಹಕ್ಕುದಾರರು ಲಿಖಿತ ದೂರು ಕೊಟ್ಟರೆ, ದೂರಿನಲ್ಲಿ ಹುರುಳಿದೆಯೆಂದು ಕಂಡಲ್ಲಿ 36 ಗಂಟೆಗಳೊಳಗೆ ಅದು ಸಿಗದಂತೆ ಮಾಡಬೇಕೆಂದು 2013ರ ಹಕ್ಕುಸ್ವಾಮ್ಯ ನಿಯಮಗಳಲ್ಲಿ ಇದೆ; ಹಕ್ಕುದಾರರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಮಧ್ಯವರ್ತಿಯು ಅದನ್ನು ಮತ್ತೆ ತೆರೆಯಬಹುದು. ತೋಟದ ನಡುವೆ ಕುಳಿತು ಬಿಡುವಿನಲ್ಲಿ ಬರೆಯುವವರಿಗೆ 21 ದಿನಗಳಲ್ಲಿ ನ್ಯಾಯಾಲಯದ ಆದೇಶ ತರುವುದು ಸುಲಭವಲ್ಲ.

ಹಣದ ಮಾತನ್ನು ನಾನು ಬಿಟ್ಟೇನು. ನನ್ನ ಕೊಳೆರೋಗದ ಲೇಖನದಲ್ಲಿ, ಆ ರೋಗವನ್ನು ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣದ ಪ್ರಮಾಣವನ್ನು ಕೊಟ್ಟಿದ್ದೆ: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೊದಲು ಪ್ರಕಟಿಸಿದಾಗ ಬೆರಳಚ್ಚಿನ ತಪ್ಪಿನಿಂದ 100 ಎಂಬುದು 10 ಆಗಿತ್ತು. ಎರಡು ದಿನಗಳಲ್ಲಿ ಓದುಗರೊಬ್ಬರು ಅದನ್ನು ಕಂಡು ತಿಳಿಸಿದರು, ನಾನು ಆಗಲೇ ತಿದ್ದಿದೆ. 10 ಲೀಟರಿಗೆ ಕಲಸಿದರೆ ಆಗುವುದು ಸಿಂಪಡಿಸುವ ದ್ರಾವಣವಲ್ಲ, ಕಾಂಡದ ಗಾಯಕ್ಕೆ ಬಳಿಯುವ ಬೋರ್ಡೋ ಮುಲಾಮು. ಅಡಿಕೆಗೊನೆ ಕೊಯ್ಯುವ ಕೊನೆಗೌಡರು ಮರವೇರಿ ಎಳೆಯ ಗೊನೆಗೆ ಹೊಡೆಯುವ ಔಷಧಿ ಅದಲ್ಲ. ಆದರೆ ನಕಲಿನವರು ಲೇಖನವನ್ನು ಎತ್ತಿದ್ದು ಆ ಎರಡು ದಿನಗಳ ಒಳಗೆ. ತನ್ನ ಬರಹವು ವಿಕಾರಗೊಳ್ಳದಂತೆ ತಡೆಯುವ ಹಕ್ಕನ್ನು 57ನೆಯ ಕಲಮು ಲೇಖಕನಿಗೆ ಕೊಡುತ್ತದಾದರೂ, ಇಲ್ಲಿ ಅವರು ವಿಕಾರಗೊಳಿಸಿದ್ದೇನೂ ಇಲ್ಲ. ನನ್ನ ತಪ್ಪನ್ನೇ ತಪ್ಪದೆ ಉಳಿಸಿಕೊಂಡಿದ್ದಾರೆ, ಅದನ್ನು ತಿದ್ದುವ ದಾರಿ ಮಾತ್ರ ನನ್ನ ಕೈಯಲ್ಲಿಲ್ಲ. ಅನುಮತಿ ಕೇಳಿದ್ದರೆ ತಿದ್ದಿದ ಪ್ರತಿಯನ್ನೇ ಕೊಡುತ್ತಿದ್ದೆ, ಆಗ ‘ಕೃಪೆ’ ಎಂಬ ಪದಕ್ಕೂ ಅರ್ಥವಿರುತ್ತಿತ್ತು.

ಫೋನಿನಲ್ಲಿ ಮಾತಾಡಿದವರು ನನ್ನ ಹೆಸರನ್ನು ಸೇರಿಸುವುದಾಗಿ ಹೇಳಿದರು. ಹೆಸರು ಬೇಡ, ಪುಟವನ್ನು ತೆಗೆಯಿರಿ, ತೆಗೆಯುವವರೆಗೆ ಆ ಒಂದು ಸಂಖ್ಯೆಯನ್ನಾದರೂ ಸರಿಪಡಿಸಿರಿ ಎಂದು ಕೇಳಿಕೊಂಡೆ, ಆಮೇಲೆ ಬರೆದೂ ಕಳಿಸಿದೆ. ಇದನ್ನು ಬರೆಯುವ ಹೊತ್ತಿಗೆ ಆ ಪುಟದಲ್ಲಿ ‘ಕೃಪೆ: ಅಂತರ್ಜಾಲ’ ಎಂಬುದರ ಪಕ್ಕದಲ್ಲಿ ನನ್ನ ಹೆಸರೂ ಇದೆ, ನೀರಿನ ಪ್ರಮಾಣ 10 ಲೀಟರ್ ಎಂದೂ ಇದೆ. ಮೊದಲ ಸಿಂಪಡಣೆಯ ಕಾಲ ಹತ್ತಿರ ಬರುತ್ತಿರುವುದರಿಂದ, ಆ ಪುಟವನ್ನು ನೋಡಿದ ತೋಟದವರು ಅದನ್ನು 100 ಎಂದು ಓದಿಕೊಳ್ಳಬೇಕೆಂದು ಇಲ್ಲಿ ಕೇಳಿಕೊಳ್ಳುತ್ತೇನೆ.