ಓಪನ್ ಸೋರ್ಸ್ ಕೌನ್ಸಿಲ್‌ಗೆ ಸ್ಪರ್ಧಿಸುವುದು: ಕಣಕ್ಕಿಳಿಯುವ ಮೊದಲು ತಿಳಿದಿರಬೇಕಾದದ್ದು

ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್ ಯೋಜನೆಗಳಲ್ಲಿ, ಚೆನ್ನಾಗಿ ಕೋಡ್ ಬರೆಯುವವರೇ ಮುಂದಾಳುಗಳಾಗುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಪೈಥಾನ್ (ಪ್ರೋಗ್ರಾಮಿಂಗ್ ಭಾಷೆ), ಡೆಬಿಯನ್ (ಆಪರೇಟಿಂಗ್ ಸಿಸ್ಟಂ), ಕುಬರ್ನೆಟೀಸ್ (ಹಲವು ಸರ್ವರ್‌ಗಳಲ್ಲಿ ಆ್ಯಪ್‌ಗಳನ್ನು ನಡೆಸುವ ಸಾಫ್ಟ್‌ವೇರ್), ಈ ಮೂರರ ಚುನಾವಣಾ ನಿಯಮ ಓದಿದ ಮೇಲೆ ಹಾಗಲ್ಲ ಅನ್ನಿಸಿತು. ಇಲ್ಲಿ ಹುರಿಯಾಳು ಮುಂದಿಡುವುದು ತನ್ನ ಸಮಯವನ್ನು, ತಾಳ್ಮೆಯನ್ನು.

ಪೈಥಾನ್‌ನಲ್ಲಿ ಬಹುಕಾಲ ಅದನ್ನು ರೂಪಿಸಿದ ಗೈಡೊ ವ್ಯಾನ್ ರೋಸಮ್ ಅವರದ್ದೇ ಕೊನೆಯ ಮಾತು. ಪೆಪ್ 572 ಎಂಬ ಪ್ರಸ್ತಾವದ ಸುತ್ತ ನಡೆದ ಜಗಳದಿಂದ ದಣಿದು, 2018ರ ಜುಲೈನಲ್ಲಿ ಅವರು ಆ ಸ್ಥಾನ ಬಿಟ್ಟರು. ಆಮೇಲೆ ಕೋರ್ ಡೆವಲಪರ್‌ಗಳು (ಪೈಥಾನ್ ಕಟ್ಟುವ ಮುಖ್ಯ ತಂಡದವರು) ಮತ ಹಾಕಿ, ಯೋಜನೆಯನ್ನು ಮುನ್ನಡೆಸಲು 5 ಜನರ ಸ್ಟೀರಿಂಗ್ ಕೌನ್ಸಿಲ್ ಸಾಕು ಎಂದು ತೀರ್ಮಾನಿಸಿದರು. ಅದರ ನಿಯಮದಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ಕೌನ್ಸಿಲ್‌ಗೆ ದೊಡ್ಡ ಅಧಿಕಾರ ಉಂಟು, ಆದರೆ ಅದನ್ನು ಆದಷ್ಟು ಕಡಿಮೆ ಬಳಸಬೇಕು! ಹಾಗಾಗಿ "ನಾನು ಗೆದ್ದರೆ ಇದನ್ನೆಲ್ಲ ಬದಲಾಯಿಸುತ್ತೇನೆ" ಎಂದು ಹೊರಟವರು ಆ ಕೆಲಸವನ್ನೇ ತಪ್ಪಾಗಿ ತಿಳಿದಿದ್ದಾರೆ ಎಂದರ್ಥ.

ಇನ್ನು ಮತ ಎಣಿಸುವ ರೀತಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಡೆಬಿಯನ್‌ನಲ್ಲಿ ಪ್ರತಿವರ್ಷ ಒಬ್ಬ ಪ್ರಾಜೆಕ್ಟ್ ಲೀಡರ್ ಆರಿಸುತ್ತಾರೆ. ಒಬ್ಬರಿಗೆ ಗುರುತು ಒತ್ತಿ ಮುಗಿಸುವುದಲ್ಲ, ಎಲ್ಲರನ್ನೂ ಮೊದಲು, ಎರಡನೆಯದು, ಮೂರನೆಯದು ಎಂದು ಸಾಲಾಗಿ ಇಡಬಹುದು. ಇದಕ್ಕೆ ಕಾಂಡೋರ್ಸೆ ವಿಧಾನ ಎನ್ನುತ್ತಾರೆ. ಕ, ಚ, ಟ ಎಂಬ ಮೂವರು ನಿಂತಿದ್ದಾರೆ, 100 ಮತಗಳಿವೆ ಎಂದುಕೊಳ್ಳಿ. 40 ಜನ ಕ, ಚ, ಟ ಎಂದು ಬರೆದರು. 35 ಜನ ಟ, ಚ, ಕ ಎಂದರು. ಉಳಿದ 25 ಜನ ಚ, ಟ, ಕ ಎಂದರು. ಮೊದಲ ಸ್ಥಾನ ಮಾತ್ರ ಎಣಿಸಿದರೆ ಕ ಗೆಲ್ಲಬೇಕು, ಅಲ್ವಾ? ಈಗ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ. ಕ ಎದುರು ಚ 60–40ರಲ್ಲಿ ಗೆಲ್ಲುತ್ತಾರೆ. ಟ ಎದುರು 65–35ರಲ್ಲಿ ಗೆಲ್ಲುತ್ತಾರೆ. ಮೊದಲ ಸ್ಥಾನದ ಮತ ಎಲ್ಲರಿಗಿಂತ ಕಡಿಮೆ ಇದ್ದ ಚ ಅವರೇ ಲೀಡರ್. ನಮ್ಮ ಗುಂಪನ್ನು ಮಾತ್ರ ಒಲಿಸಿಕೊಂಡರೆ ಇಲ್ಲಿ ನಡೆಯುವುದಿಲ್ಲ. ಎದುರು ಪಾಳೆಯದವರೂ "ಇವರಾದರೂ ಪರವಾಗಿಲ್ಲ" ಎನ್ನುವಂತಿರಬೇಕು.

ಡೆಬಿಯನ್ ಮತಪತ್ರದಲ್ಲಿ "ಇವರು ಯಾರೂ ಬೇಡ" ಎಂಬ ಆಯ್ಕೆಯೂ ಇರುತ್ತದೆ. ಅದರ ಎದುರು ಸೋತವರು ಆಯ್ಕೆಯಾಗಲಾರರು. ಒಬ್ಬರೇ ನಿಂತರೂ ಗೆಲುವು ಸುಮ್ನೆ ಬರುವುದಿಲ್ಲ. 2019ರಲ್ಲಿ ನಾಮಪತ್ರದ ಅವಧಿ ಮುಗಿದರೂ ಯಾರೂ ಮುಂದೆ ಬರಲಿಲ್ಲ, ಅವಧಿ ಒಂದು ವಾರ ಮುಂದೆ ಹೋಯಿತು. ಆ ಹೊಣೆ ಎಷ್ಟು ಭಾರ ಎಂಬುದು ನನಗೆ ಅರ್ಥವಾದದ್ದು ಈ ಘಟನೆ ಓದಿದಾಗಲೇ.

ಕಂಪನಿಗಳ ವಿಷಯವನ್ನೂ ಬರೆದಿಟ್ಟುಕೊಳ್ಳಿ. ಪೈಥಾನ್ ಕೌನ್ಸಿಲ್‌ನಲ್ಲಿ ಒಂದೇ ಕಂಪನಿಯವರು 2ಕ್ಕಿಂತ ಜಾಸ್ತಿ ಇರುವಂತಿಲ್ಲ. 7 ಜನರ ಕುಬರ್ನೆಟೀಸ್ ಸ್ಟೀರಿಂಗ್ ಕಮಿಟಿಯಲ್ಲೂ ಇಂಥ ಮಿತಿಯಿದೆ. ಆದ್ದರಿಂದ ಎಲ್ಲಿ ಕೆಲಸ ಮಾಡುತ್ತೀರಿ ಎಂಬುದನ್ನು ಮೊದಲೇ ಹೇಳಿಬಿಡಿ. ಕುಬರ್ನೆಟೀಸ್‌ನಲ್ಲಿ ಮತದ ಹಕ್ಕಿಗೆ ಹಿಂದಿನ ಒಂದು ವರ್ಷದ ಕೊಡುಗೆಗಳನ್ನು ಎಣಿಸುತ್ತಾರೆ. ಕೋಡ್ ಮಾತ್ರವಲ್ಲ, ರಿವ್ಯೂ (ಬೇರೆಯವರ ಕೋಡ್ ಪರಿಶೀಲನೆ) ಮತ್ತು ಚರ್ಚೆಯೂ ಲೆಕ್ಕಕ್ಕೆ ಬರುತ್ತದೆ. ಇದು ನ್ಯಾಯ ಅನ್ನಿಸುತ್ತದೆ ನನಗೆ.

ಮತದಾರರಿಗೆ ಬರೆಯುವ ನಿಮ್ಮ ಹೇಳಿಕೆಯಲ್ಲಿ ಹಳೆಯ ಸಾಧನೆಗಳ ಪಟ್ಟಿ ಚಿಕ್ಕದಾಗಿರಲಿ. ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ, ನೀವು ಒಪ್ಪದ ತೀರ್ಮಾನವನ್ನು ಕೌನ್ಸಿಲ್ ಪರವಾಗಿ ಹೇಗೆ ವಿವರಿಸುತ್ತೀರಿ, ಯಾವ ಕೆಲಸಕ್ಕೆ ಕೈ ಹಾಕುವುದಿಲ್ಲ, ಇದನ್ನು ಬರೆಯಿರಿ. ಡೆಬಿಯನ್‌ನಲ್ಲಿ ಪ್ರಚಾರಕ್ಕೆ 3 ವಾರ ಇರುತ್ತದೆ, ಆಗ ಡೆವಲಪರ್‌ಗಳು ನೇರವಾಗಿ ಪ್ರಶ್ನೆ ಕೇಳುತ್ತಾರೆ. ಹಳೆಯ ವರ್ಷಗಳ ಪ್ರಶ್ನೋತ್ತರ ಯಾರು ಬೇಕಾದರೂ ಓದಬಹುದು. ಅದರಲ್ಲಿ ಒಂದು ವರ್ಷದ್ದನ್ನು ತೆಗೆದುಕೊಂಡು, ಉತ್ತರ ಮುಚ್ಚಿಟ್ಟು, ಪ್ರಶ್ನೆಗಳಿಗೆ ನೀವೇ ಉತ್ತರ ಬರೆದು ನೋಡಿ. ನಾನು ಮೂರನೇ ಪ್ರಶ್ನೆಯಲ್ಲೇ ಅರ್ಧ ಗಂಟೆ ಕೂತಿದ್ದೆ.