ಬ್ರೇಕ್ ಗೊತ್ತಿದ್ದವರಿಗೆ ರಸ್ತೆಯ ಭಯ ಕಡಿಮೆ

ಶಿವಮೊಗ್ಗದಲ್ಲಿ ದೊಡ್ಡವರಿಗೆ ಸೈಕಲ್ ಓಡಿಸುವುದನ್ನೂ ಸೈಕಲ್ ನೋಡಿಕೊಳ್ಳುವುದನ್ನೂ ಕಲಿಸುವುದು ನನ್ನ ಕೆಲಸ. ನಮ್ಮ ತರಗತಿಗೆ ಬರುವವರಲ್ಲಿ ಎರಡು ಬಗೆ. ಜೀವನದಲ್ಲಿ ಒಮ್ಮೆಯೂ ಸೈಕಲ್ ಹತ್ತದವರು ಕೆಲವರು. ಚಿಕ್ಕಂದಿನಲ್ಲಿ ಒಳಪೆಡಲ್ ಹೊಡೆದು ಕಲಿತು, ಮನೆಗೆ ಸ್ಕೂಟರ್ ಬಂದ ಮೇಲೆ ಬಿಟ್ಟು, ಈಗ ಶುಗರ್ ಬಂತು ಅಂತಲೋ ಮಂಡಿ ಹಿಡಿಯಿತು ಅಂತಲೋ ಮತ್ತೆ ಹಿಡಿದವರು ಇನ್ನು ಕೆಲವರು. ಇಬ್ಬರದ್ದೂ ಒಂದೇ ಮಾತು: "ಮೈದಾನದಲ್ಲಿ ಆಗುತ್ತೆ ಮೇಷ್ಟ್ರೇ, ರಸ್ತೆ ಅಂದ್ರೆ ಕೈಕಾಲು ಆಡಲ್ಲ."

ಭಯ ಯಾಕೆ ಎಂದು ಕೇಳಿದರೆ ಎಲ್ಲರೂ ವಾಹನಗಳ ಕಡೆ ಕೈ ತೋರಿಸುತ್ತಾರೆ. ಸಂಜೆ ಹೊತ್ತಿನ ಬಿ.ಎಚ್. ರಸ್ತೆಯನ್ನೋ ಗೋಪಿ ಸರ್ಕಲ್ಲನ್ನೋ ನೋಡಿದವರು ಅದನ್ನು ಸುಳ್ಳು ಅನ್ನುವುದಿಲ್ಲ. ಆದರೆ ನಾನು ಕಂಡಂತೆ ಭಯದ ದೊಡ್ಡ ಪಾಲು ಇರುವುದು ತಾವು ಕೂತ ಸೈಕಲ್ಲಿನ ಬಗ್ಗೆಯೇ. ಹಿಡಿದರೆ ನಿಲ್ಲುತ್ತಾ? ಚೈನ್ ಕಳಚಿದರೆ ಏನು ಮಾಡಲಿ? ಈ ಕಟಕಟ ಸದ್ದು ಎಲ್ಲಿಂದ? ಉತ್ತರ ಗೊತ್ತಿಲ್ಲದವರು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಬಿಗಿಯಾಗಿ ಹಿಡಿದರೆ ಸೈಕಲ್ ಅತ್ತಿತ್ತ ಹೊಯ್ದಾಡುತ್ತದೆ. ಹಿಂದೆ ಬರುವ ಲಾರಿಯವನಿಗೆ ಇವರು ಯಾವ ಕಡೆ ಹೋಗುತ್ತಾರೆ ಎಂದೇ ತಿಳಿಯುವುದಿಲ್ಲ. ಹಾಗಾಗಿ ನಮ್ಮಲ್ಲಿ ರಿಪೇರಿ ಪಾಠ ಬೇರೆ, ರಸ್ತೆ ಪಾಠ ಬೇರೆ ಎಂದು ಮಾಡಿಲ್ಲ. ಎರಡೂ ಒಟ್ಟಿಗೇ ಸಾಗುತ್ತವೆ.

2006-07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಮಲೆನಾಡಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುವುದನ್ನು ನಾವೆಲ್ಲ ನೋಡಿದೆವು. ಆ ಮಕ್ಕಳ ಅಮ್ಮಂದಿರಲ್ಲಿ ಎಷ್ಟೋ ಜನ ಸೈಕಲ್ ಮುಟ್ಟಿದವರೇ ಅಲ್ಲ. ಈಗ ಅವರು ಬರುತ್ತಿದ್ದಾರೆ. ನನಗೆ ತುಂಬ ಖುಷಿ ಕೊಡುವ ವಿದ್ಯಾರ್ಥಿಗಳು ಇವರೇ. ಮನೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಮಗಳ ಸೈಕಲ್ಲನ್ನೇ ತಳ್ಳಿಕೊಂಡು ಬರುತ್ತಾರೆ. ಅದು ಸಾಕು, ಹೊಸದು ಬೇಡ.

ಮೊದಲ ಪಾಠವೇ ರಿಪೇರಿಯದ್ದು. ಎರಡೂ ಪೆಡಲ್ ಬಿಚ್ಚಬೇಕು. 15ರ ಸ್ಪ್ಯಾನರ್ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲುತ್ತೇನೆ. ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಎಲ್ಲ ನಟ್ಟಿನ ಹಾಗೆ ತಿರುಗಿಸಿದರೆ ಅದು ಇನ್ನೂ ಬಿಗಿಯಾಗುತ್ತದೆ. ನೆನಪಿಡಲು ಸುಲಭ: ಸ್ಪ್ಯಾನರ್ ಮೇಲ್ಮುಖವಾಗಿ ಹಾಕಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲ್ ಸಡಿಲ, ಮುಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಬಿಗಿ. ಪೆಡಲ್ ತೆಗೆದ ಮೇಲೆ ಸೀಟನ್ನು ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಇಳಿಸುತ್ತೇವೆ. ಆಮೇಲೆ ಕೂತುಕೊಂಡೇ ಕಾಲಿನಿಂದ ನೆಲ ತಳ್ಳುತ್ತ ಹೋಗುವುದು. ಸ್ವಲ್ಪ ಇಳಿಜಾರಿದ್ದರೆ ಒಳ್ಳೆಯದು. ಹಿಂದೆ ಸೀಟು ಹಿಡಿದು ಓಡುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಹಿಡಿದವರು ಬ್ಯಾಲೆನ್ಸ್ ಮಾಡುತ್ತಾರೆ, ಕೂತವರು ಕಲಿಯುವುದಿಲ್ಲ. ಬೀಳುವ ಕಡೆಗೇ ಹ್ಯಾಂಡಲ್ ಸ್ವಲ್ಪ ತಿರುಗಿಸಿದರೆ ಸೈಕಲ್ ತಾನೇ ಎದ್ದು ನಿಲ್ಲುತ್ತದೆ ಎನ್ನುವುದನ್ನು ಮೈ ತಾನಾಗಿ ಕಂಡುಕೊಳ್ಳಬೇಕು. ಎರಡೂ ಕಾಲು ಎತ್ತಿ ಹತ್ತು ಮಾರು ತೇಲಿಕೊಂಡು ಹೋದರು ಅಂದರೆ ಪೆಡಲ್ ವಾಪಸ್ ಹಾಕಬಹುದು. ಸೀರೆಯವರು, ವೇಲ್ ಹಾಕಿದವರು ಸೆರಗನ್ನೂ ವೇಲನ್ನೂ ಸೊಂಟಕ್ಕೆ ಕಟ್ಟಿಕೊಳ್ಳಲೇಬೇಕು. ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುವ ಸೈಕಲ್ ಅವರಿಗೆ ವಾಸಿ.

ಇನ್ನು ಬ್ರೇಕು. ನನ್ನ ತರಗತಿಯ ಅರ್ಧ ಹೊತ್ತು ಇದಕ್ಕೇ ಹೋಗುತ್ತದೆ. ಮಲೆನಾಡಿನಲ್ಲಿ ಹಾಗೇ ಆಗಬೇಕು.

"ಮುಂದಿನ ಬ್ರೇಕ್ ಹಿಡಿಯಬೇಡ, ಪಲ್ಟಿ ಹೊಡೀತೀಯ" ಎಂದು ಎಲ್ಲರಿಗೂ ಚಿಕ್ಕಂದಿನಲ್ಲಿ ಯಾರೋ ಹೇಳಿರುತ್ತಾರೆ. ಆ ಮಾತು ತಲೆಯಿಂದ ಹೋಗುವುದು ಕಷ್ಟ. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ, ಅಲ್ವಾ? ಸೈಕಲ್ಲಿನಲ್ಲೂ ಬ್ರೇಕ್ ಹಿಡಿದ ಕೂಡಲೇ ಭಾರ ಮುಂದಿನ ಚಕ್ರಕ್ಕೆ ಬರುತ್ತದೆ. ಮುಂದಿನ ಟೈರು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರದ ಬ್ರೇಕ್ ಎಷ್ಟು ಹಿಡಿದರೂ ಅದು ಜಾರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಒಣ ರಸ್ತೆಯಲ್ಲಿ ಬರೀ ಹಿಂದಿನ ಬ್ರೇಕ್ ಹಿಡಿದರೆ ನಿಲ್ಲಲು ಬೇಕಾಗುವ ದೂರ ಎರಡೂ ಹಿಡಿದಾಗಿನದಕ್ಕಿಂತ ಹತ್ತಿರ ಹತ್ತಿರ ದುಪ್ಪಟ್ಟು. ಪಲ್ಟಿ ಆಗುವುದು ಮುಂದಿನ ಬ್ರೇಕನ್ನು ಒಮ್ಮೆಲೇ ಕಿತ್ತು ಹಿಡಿದಾಗ, ಅದೂ ಮೈಭಾರ ಮುಂದೆ ಇದ್ದಾಗ. ಹಂತಹಂತವಾಗಿ ಒತ್ತುತ್ತ, ಕೈ ಗಟ್ಟಿ ಮಾಡಿ, ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿದರೆ ಏನೂ ಆಗುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಚಕ್ರದ್ದು. ಆದರೂ ನಿಮ್ಮ ಸೈಕಲ್ಲಿನಲ್ಲಿ ಯಾವುದು ಯಾವುದಕ್ಕೆ ಎಂದು ನಿಂತಲ್ಲೇ ಹಿಡಿದು ನೋಡಿಕೊಳ್ಳಿ.

ಮೈದಾನದಲ್ಲಿ ಸುಣ್ಣದ ಗೆರೆ ಹಾಕಿ, ಆ ಗೆರೆ ಮುಟ್ಟಿದ ಕೂಡಲೇ ಬ್ರೇಕ್ ಹಿಡಿಯಲು ಹೇಳುತ್ತೇನೆ. ಮೊದಲು ಹಿಂದಿನದು, ಆಮೇಲೆ ಎರಡೂ. ನಿಂತ ಜಾಗಕ್ಕೆ ಒಂದೊಂದು ಕಲ್ಲು. ಎರಡು ಕಲ್ಲುಗಳ ನಡುವಿನ ದೂರ ನೋಡಿದ ಮೇಲೆ ನಾನು ಏನೂ ಹೇಳಬೇಕಾಗಿಲ್ಲ. ಇನ್ನೊಂದು ಲೆಕ್ಕವನ್ನೂ ಅಲ್ಲೇ ಹೇಳುತ್ತೇನೆ. ಗಂಟೆಗೆ 20 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ದನ ಅಡ್ಡ ಬಂತು ಎಂದು ತಲೆಗೆ ಹೊಳೆದು, ಬೆರಳು ಲಿವರ್ ಮುಟ್ಟುವಷ್ಟರಲ್ಲಿ ಒಂದು ಸೆಕೆಂಡ್ ಹೋಗಿರುತ್ತದೆ. ಬ್ರೇಕ್ ಕೆಲಸ ಶುರು ಮಾಡುವ ಮೊದಲೇ ಐದೂವರೆ ಮೀಟರ್ ಮುಂದೆ ಬಂದಿರುತ್ತೀರಿ. ಪೇಟೆಯ ನಡುವೆ ಓಡಿಸುವಾಗ ಎರಡು ಬೆರಳು ಯಾವಾಗಲೂ ಲಿವರಿನ ಮೇಲಿರಲಿ.

ಇದೆಲ್ಲ ಒಣ ರಸ್ತೆಯ ಮಾತು. ಜೂನ್ ಬಂದರೆ ಲೆಕ್ಕವೇ ಬದಲಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ, ಆದರೆ ಜಿಟಿಜಿಟಿ ಹಿಡಿದರೆ ರಿಮ್ಮು ದಿನವಿಡೀ ಒದ್ದೆ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಚಕ್ರ ಕೆಲವು ಸುತ್ತು ಸುತ್ತುವ ತನಕ ಬ್ರೇಕ್ ಇಲ್ಲವೇ ಇಲ್ಲ ಅನ್ನಿಸುತ್ತದೆ. ಹೊಳೆಯುವ ಸ್ಟೀಲ್ ರಿಮ್ಮಿನಲ್ಲಿ ಈ ತೊಂದರೆ ಬಹಳ ಜಾಸ್ತಿ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಕಡಿಮೆ. ನಮ್ಮ ಹಳೆಯ ದೊಡ್ಡ ಸೈಕಲ್ಲುಗಳದ್ದೆಲ್ಲ ಸ್ಟೀಲ್ ರಿಮ್ಮು. ಮಳೆಗಾಲದಲ್ಲಿ ದಿನಾ ಓಡಿಸುವವರು ದುಡ್ಡು ಖರ್ಚು ಮಾಡುವುದಾದರೆ ಗೇರಿಗಿಂತ ಮೊದಲು ರಿಮ್ಮಿಗೆ ಮಾಡಲಿ ಎಂದು ನಾನು ಒತ್ತಿ ಹೇಳುತ್ತೇನೆ. ಅದು ಆಗದವರು ಸರ್ಕಲ್ಲಿಗೆ ಬಹಳ ಮೊದಲೇ ಬ್ರೇಕನ್ನು ಮೆಲ್ಲಗೆ ಸವರಿ, ರಿಮ್ಮು ಒರೆಸಿಕೊಂಡು, ಆಮೇಲೆ ಗಟ್ಟಿಯಾಗಿ ಹಿಡಿಯಬೇಕು. ಡಿಸ್ಕ್ ಬ್ರೇಕಿನವರಿಗೆ ಈ ಕಷ್ಟ ಇಲ್ಲ. ಡಿಸ್ಕಿಗೆ ಮಾತ್ರ ಯಾವತ್ತೂ ಎಣ್ಣೆ ಬೀಳಿಸಬೇಡಿ. ಕಿರ್ರ್ ಅನ್ನುತ್ತೆ ಅಂತ ಎಣ್ಣೆ ಬಿಟ್ಟುಕೊಂಡು ಬಂದವರನ್ನು ನೋಡಿದ್ದೇನೆ. ಅದು ಬ್ರೇಕನ್ನೇ ತೆಗೆದು ಹಾಕಿದ ಹಾಗೆ.

ಮಳೆಯಲ್ಲಿ ಜಾರುವ ಜಾಗಗಳು ನಮ್ಮಲ್ಲಿ ಬೇರೆಯೇ ಇವೆ. ಮರದಡಿಯ ರಸ್ತೆಯಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಟಾರಿನ ಬಣ್ಣಕ್ಕೆ ಸೇರಿಹೋಗಿ ಕಾಣುವುದಿಲ್ಲ. ರಸ್ತೆಯ ಬಿಳಿ ಪಟ್ಟಿ, ಚರಂಡಿಯ ಕಬ್ಬಿಣದ ಮುಚ್ಚಳ, ರೈಲ್ವೆ ಹಳಿ ಎಲ್ಲವೂ ನೀರು ಬಿದ್ದರೆ ಜಾರುತ್ತವೆ. ಹಳಿಯನ್ನು ನೇರ ಅಡ್ಡವಾಗಿಯೇ ದಾಟಬೇಕು, ಓರೆಯಾಗಿ ಹೋದರೆ ಟೈರು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮಳೆ ಮುಗಿದರೂ ಮುಗಿಯಲಿಲ್ಲ. ಕೊಯ್ಲಿನ ಸಮಯದಲ್ಲಿ ಅಡಿಕೆ ಸಿಪ್ಪೆಯನ್ನು ರಸ್ತೆ ಪಕ್ಕಕ್ಕೆ ಸುರಿಯುತ್ತಾರೆ. ಇಬ್ಬನಿಗೆ ಒದ್ದೆಯಾದ ಸಿಪ್ಪೆಯ ಮೇಲೆ ಸೈಕಲ್ ನಿಲ್ಲುವುದಿಲ್ಲ. ಬಯಲಿನ ಕಡೆ ಬಂದರೆ ಟಾರಿನ ಮೇಲೇ ಒಕ್ಕಣೆ. ಇಂಥ ಕಡೆ ನಿಯಮ ಒಂದೇ: ಅದರ ಮೇಲಿರುವಾಗ ಬ್ರೇಕ್ ಹಿಡಿಯಬಾರದು, ತಿರುಗಿಸಲೂ ಬಾರದು. ಮೊದಲೇ ನಿಧಾನ ಮಾಡಿಕೊಂಡು, ನೆಟ್ಟಗೆ ದಾಟಿಬಿಡಬೇಕು.

ಘಾಟಿಯದ್ದೂ ಇದೇ ಪಾಠ, ಇನ್ನೂ ಬಿಗಿಯಾಗಿ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ವೇಗವನ್ನೆಲ್ಲ ತಿರುವಿನ ಮೊದಲೇ ಇಳಿಸಬೇಕು, ತಿರುವಿನ ಒಳಗಲ್ಲ. ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದೇ ಇದ್ದರೆ ರಿಮ್ಮು ಕಾಯುತ್ತದೆ. ರಬ್ಬರ್ ನುಣುಪಾಗಿ ಹಿಡಿತ ತಪ್ಪುತ್ತದೆ, ತೀರಾ ಕಾದರೆ ಟ್ಯೂಬೇ ಒಡೆಯಬಹುದು. ಗಟ್ಟಿಯಾಗಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಿರಿ. ನಡುವೆ ಜಾಗ ನೋಡಿ ನಿಲ್ಲಿಸಿ. ಹೊಸಬರಿಗೆ ಘಾಟಿ ಬೇಡವೇ ಬೇಡ. ಅವರಿಗೆ ಗಾಜನೂರು, ಸಕ್ರೆಬೈಲಿನ ತನಕದ ದಾರಿ ಚೆನ್ನಾಗಿದೆ. ಬೆಳಗ್ಗೆ ಬೇಗ ಹೊರಟರೆ ಆನೆ ಬಿಡಾರ ನೋಡಿಕೊಂಡು ಬಿಸಿಲೇರುವ ಮೊದಲು ಮನೆ.

ಬ್ರೇಕ್ ಮೇಲೆ ನಂಬಿಕೆ ಬಂದವರಿಗೆ ರಸ್ತೆಯಲ್ಲಿ ಎಲ್ಲಿರಬೇಕು ಎಂದು ಹೇಳುವುದು ಸುಲಭ. ಭಯ ಇರುವವರು ಟಾರಿನ ತುದಿ ಹಿಡಿದು ಹೋಗುತ್ತಾರೆ. ಅದೇ ಅಪಾಯದ ಜಾಗ. ಟಾರಿನಿಂದ ಮಣ್ಣಿಗೆ ಒಂದು ಗೇಣು ಇಳಿಕೆ ಇರುತ್ತದೆ. ಚಕ್ರ ಕೆಳಗಿಳಿದ ಮೇಲೆ ಓರೆಯಾಗಿ ಮತ್ತೆ ಹತ್ತಿಸಲು ಹೋದರೆ ಟೈರು ಅಂಚಿಗೆ ಉಜ್ಜಿ, ಸೈಕಲ್ ಟಾರಿನ ಕಡೆಗೇ ಬೀಳುತ್ತದೆ. ಇಳಿದರೆ ಇಳಿಯಿತು. ನಿಲ್ಲಿಸಿ, ಎತ್ತಿಟ್ಟುಕೊಂಡು ಹೊರಡಿ. ಓಡಿಸುವಾಗ ಅಂಚಿನಿಂದ ಎರಡು ಮೂರು ಅಡಿ ಒಳಗಿರಿ, ಎಡಗಡೆಯೇ ಇರಿ. ಎದುರು ಬರುವ ವಾಹನ ಕಾಣುತ್ತದೆ ಎಂದು ಬಲಬದಿಯಲ್ಲಿ ಬರುವವರಿದ್ದಾರೆ. ಅದು ನಡೆಯುವವರಿಗೆ ಸರಿ, ಸೈಕಲ್ಲಿಗೆ ಸರಿಯಲ್ಲ. ದುರ್ಗಿಗುಡಿ, ನೆಹರೂ ರಸ್ತೆಯಲ್ಲಿ ಸಾಲಾಗಿ ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ ಇರಲಿ. ಯಾವ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಾಗುವುದಿಲ್ಲ.

ಬಲಕ್ಕೆ ತಿರುಗುವುದು ಎಲ್ಲರಿಗೂ ಕಷ್ಟ. ಹಿಂದೆ ತಿರುಗಿ ನೋಡಿದರೆ ಸೈಕಲ್ಲೂ ಆ ಕಡೆಗೇ ಎಳೆಯುತ್ತದೆ. ಇದಕ್ಕೆ ಗೆರೆಯ ಮೇಲೆ ಅಭ್ಯಾಸ ಮಾಡಿಸುತ್ತೇನೆ. ನಾನು ಹಿಂದೆ ನಿಂತು ಬೆರಳೆತ್ತುತ್ತೇನೆ. ಗೆರೆ ಬಿಡದೆ ತಿರುಗಿ ನೋಡಿ, ಎಷ್ಟು ಬೆರಳು ಎಂದು ಕೂಗಬೇಕು. ಅದು ಬಂದ ಮೇಲೆ ಬಲಗೈ ಚಾಚುವುದು. ನೋಡಿ, ಕೈ ತೋರಿಸಿ, ಮತ್ತೆ ನೋಡಿ, ಆಮೇಲೆ ಸರಿಯಿರಿ. ಸರ್ಕಲ್ಲಿನಲ್ಲಿ ಧೈರ್ಯ ಸಾಲದಿದ್ದರೆ ಇಳಿದು ತಳ್ಳಿಕೊಂಡು ದಾಟಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸಂಜೆಯಾದರೆ ಲೈಟ್ ಬೇಕೇ ಬೇಕು. ರಿಫ್ಲೆಕ್ಟರ್ ಇದೆ ಎಂದು ಸುಮ್ನೆ ಇರಬೇಡಿ, ಬೇರೆಯವರ ಬೆಳಕು ಬಿದ್ದರೆ ಮಾತ್ರ ಅದು ಹೊಳೆಯುತ್ತದೆ. ಮಲೆನಾಡಿನ ಮಂಜಿನಲ್ಲಿ ಹಿಂದಿನ ಕೆಂಪು ಲೈಟು ಹಗಲಿನಲ್ಲೂ ಉರಿಯಲಿ.

ಪಂಕ್ಚರ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಒಮ್ಮೆ ಕೈಯಾರೆ ಹಾಕಿದರೆ ಬರುತ್ತದೆ. ಎರಡು ಕಡೆ ಮಾತ್ರ ಎಲ್ಲರೂ ಅವಸರ ಮಾಡುತ್ತಾರೆ. ಟ್ಯೂಬಿಗೆ ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸಬಾರದು, ಅದು ಒಣಗಿ ಬೆರಳಿಗೆ ಜಿಗುಟು ಅನ್ನಿಸುವ ತನಕ ಕಾಯಬೇಕು. ಮತ್ತೆ, ಟೈರಿನ ಒಳಗೆ ಸುತ್ತಲೂ ಬೆರಳಾಡಿಸಿ ನೋಡಬೇಕು. ಬಿದಿರು ಮುಳ್ಳಿನ ತುದಿ ಅಲ್ಲೇ ಮುರಿದು ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಹಾಕಿದ ಪಂಕ್ಚರ್ ಮನೆ ಮುಟ್ಟುವುದಿಲ್ಲ.

ಚೈನಿಗೆ ಕೊಬ್ಬರಿ ಎಣ್ಣೆ, ಬೈಕಿನಿಂದ ತೆಗೆದ ಹಳೆಯ ಇಂಜಿನ್ ಆಯಿಲ್ ಎರಡೂ ಬೇಡ. ಮೊದಲನೆಯದು ಅಂಟುಗಟ್ಟುತ್ತದೆ, ಎರಡನೆಯದರಲ್ಲಿ ಲೋಹದ ಪುಡಿ ಇರುತ್ತದೆ. ಹೊಲಿಗೆ ಮಿಷಿನ್ ಎಣ್ಣೆ ಬೇಸಿಗೆಗೆ ನಡೆಯುತ್ತದೆ, ಮಳೆಯಲ್ಲಿ ಒಂದೇ ದಿನಕ್ಕೆ ತೊಳೆದುಹೋಗುತ್ತದೆ. ಅಂಗಡಿಯ ಚೈನ್ ಆಯಿಲನ್ನು ಕೊಂಡಿಗೊಂದು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆ ಬೇಕಾಗಿರುವುದು ಕೊಂಡಿಯ ಒಳಗೆ. ಹೊರಗೆ ಉಳಿದರೆ ಮಣ್ಣು ಹಿಡಿಯುತ್ತದೆ. ಚೈನ್ ಸವೆದಿದೆಯಾ ಎಂದು ನೋಡಲು ಮಕ್ಕಳ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಲೆಕ್ಕ ಹಾಕಿದರೆ 24 ಕೊಂಡಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಬರುವ ತನಕ ಬಿಟ್ಟರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಫ್ರೀವೀಲಿನ ಹಲ್ಲೂ ಹೋಗಿರುತ್ತದೆ, ಖರ್ಚು ಎರಡು.

ಎಲ್ಲವನ್ನೂ ಮನೆಯಲ್ಲೇ ಮಾಡಬೇಕು ಎಂದು ನಾನು ಹೇಳುವುದಿಲ್ಲ. ರಿಮ್ಮಿನ ಬೆಂಡ್ ತೆಗೆಯುವುದು, ಕಡ್ಡಿ ಬಿಗಿ ಮಾಡುವುದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ. ನಮ್ಮ ಊರುಗಳಲ್ಲಿ ಇನ್ನೂ ಉಳಿದಿರುವ ಹಳೆಯ ಸೈಕಲ್ ಶಾಪಿನವರಿಗೆ ಅದನ್ನು ಕೊಡಿ, ಕೇಳಿದಷ್ಟು ಮಜೂರಿ ಕೊಡಿ. ಆದರೆ "ಏನೋ ಸೌಂಡ್ ಬರುತ್ತೆ ಅಣ್ಣ, ನೋಡಿ" ಎಂದು ಬಿಟ್ಟು ಬರಬೇಡಿ. ಮುಂದಿನ ಚಕ್ರ ಎತ್ತಿ ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಹಬ್ಬಿನಲ್ಲಿ, ಅಂದರೆ ಚಕ್ರದ ನಡುವಿನ ಭಾಗದಲ್ಲಿ, ಸಡಿಲವಾಗಿ ಆಟ ಕಂಡರೆ "ಮುಂದಿನ ಹಬ್ಬಿನಲ್ಲಿ ಆಟ ಇದೆ, ಬಾಲ್ಸ್ ನೋಡಿ ಗ್ರೀಸ್ ಹಾಕಿ" ಎನ್ನಿ. ಬ್ರೇಕ್ ರಬ್ಬರಿನ ಗೀರುಗಳು ಅಳಿಸಿಹೋಗಿದ್ದರೆ, ರಬ್ಬರ್ ಟೈರಿಗೆ ತಾಗುತ್ತಿದ್ದರೆ, ಲಿವರ್ ಹಿಡಿದಾಗ ಹ್ಯಾಂಡಲಿಗೇ ಮುಟ್ಟುತ್ತಿದ್ದರೆ ಅದನ್ನೂ ಹೇಳಿ. ಈ ಮೂರನ್ನು ಮೇ ತಿಂಗಳ ಕೊನೆಯೊಳಗೆ ಮುಗಿಸಿಕೊಳ್ಳಿ. ಮೊದಲ ಮಳೆ ಬಿದ್ದ ಮೇಲೆ ಎಲ್ಲರೂ ಒಟ್ಟಿಗೇ ಅಂಗಡಿಗೆ ಬರುತ್ತಾರೆ, ಆಗ ಸೈಕಲ್ ಕೈಗೆ ಸಿಗಲು ವಾರ ಹಿಡಿಯುತ್ತದೆ.