ಗೈಡ್ ಜೊತೆ ಸರೋವರ ಸುತ್ತೋಕೆ ಸ್ಕೂಟರ್ ಎಷ್ಟು ಬರಬೇಕು?

ಪ್ರಶ್ನೆ: "ಸರೋವರದ ಸುತ್ತ ಗೈಡ್ ಜೊತೆ ಸ್ಕೂಟರ್‌ನಲ್ಲಿ ಹೋಗೋ ಟೂರ್‌ಗೆ ಸೇರಬೇಕು ಅಂತ ಆಸೆ. ಆದರೆ ನನಗೆ ಸ್ಕೂಟರ್ ಅಷ್ಟಕ್ಕಷ್ಟೇ ಬರುತ್ತದೆ. ಗೇರ್ ಇಲ್ಲ, ಎಲ್ಲರೂ ನಿಧಾನವಾಗಿ ಹೋಗ್ತಾರೆ, ಮುಂದಿನ ಬ್ರೇಕ್ ಒಂದು ಮುಟ್ಟದಿದ್ದರೆ ಸಾಕು ಅಂತ ಸ್ನೇಹಿತರು ಹೇಳ್ತಾರೆ. ಹೋಗಬಹುದಾ?"

ಹೋಗಬಹುದು. ಆದರೆ ಕೊನೆಯಲ್ಲಿ ಹೇಳಿದಿರಲ್ಲ, ಮುಂದಿನ ಬ್ರೇಕ್ ಮಾತು, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಇಂಥ ಗುಂಪುಗಳ ಮುಂದೆ ಗಾಡಿ ಓಡಿಸಿದ್ದೇನೆ, ಹೊಸಬರಿಗೆ ಸ್ಕೂಟರ್ ಕಲಿಸಿದ್ದೇನೆ. ಪ್ರತಿ ಗುಂಪಿನಲ್ಲೂ ಇದೇ ಮಾತು ಬರುತ್ತದೆ. ಸರಿ, ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಗೈಡ್ ಇರೋದು ದಾರಿ ತೋರಿಸೋಕೆ, ಗುಂಪಿನ ವೇಗ ನೋಡಿಕೊಳ್ಳೋಕೆ, ಎಲ್ಲಿ ನಿಲ್ಲಬೇಕು ಅಂತ ಹೇಳೋಕೆ. ನಿಮ್ಮ ಹ್ಯಾಂಡಲ್ ಹಿಡಿಯೋಕೆ ಅಲ್ಲ. ನೀವು ನೇರವಾಗಿ ಹೋಗಬಲ್ಲಿರಾ, ಕಾಲು ಕೆಳಗಿಡದೆ ನಿಧಾನವಾಗಿ ಒಂದು ಸುತ್ತು ತಿರುಗಬಲ್ಲಿರಾ, ಹೇಳಿದ ಜಾಗದಲ್ಲಿ ಗಾಡಿ ನಿಲ್ಲಿಸಬಲ್ಲಿರಾ? ಈ ಮೂರೂ ಬಂದರೆ ಧೈರ್ಯವಾಗಿ ಸೇರಿ. ಬರದಿದ್ದರೆ ಹಿಂದಿನ ಸೀಟಿನಲ್ಲಿ ಕೂರೋದೂ ಒಂದು ಒಳ್ಳೆಯ ದಾರಿ. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ, ನೀರು ನೋಡೋಕೆ ಇನ್ನೂ ಜಾಸ್ತಿ ಬಿಡುವು ಸಿಗುತ್ತದೆ. ಗುಂಪಿನ ಕೊನೆಯಲ್ಲಿ ಅವರ ಕಡೆಯ ಇನ್ನೊಬ್ಬರು ಬರುತ್ತಾರಾ ಅಂತ ಮೊದಲೇ ಕೇಳಿ. ಬರುತ್ತಾರೆ ಅಂದರೆ ಮುಂದಿನವರನ್ನು ಹಿಡಿಯೋ ಆತುರ ನಿಮಗೆ ಬೇಡ, ನಿಮ್ಮ ವೇಗದಲ್ಲಿ ಹೋಗಬಹುದು.

ಈಗ ಬ್ರೇಕ್ ವಿಷಯ.

"ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳ್ತೀಯಾ." ಸ್ಕೂಟರ್ ಕಲಿತ ಪ್ರತಿಯೊಬ್ಬರಿಗೂ ಯಾರೋ ಒಬ್ಬರು ಇದನ್ನು ಹೇಳಿರುತ್ತಾರೆ. ಅಣ್ಣ ಹೇಳಿರುತ್ತಾನೆ, ಮಾವ ಹೇಳಿರುತ್ತಾರೆ, ಪಕ್ಕದ ಮನೆಯವರು ಹೇಳಿರುತ್ತಾರೆ. ಅವರಿಗೂ ಇನ್ಯಾರೋ ಹೇಳಿದ್ದು. ಪ್ರೀತಿಯಿಂದಲೇ ಹೇಳಿದ್ದು, ಆದರೆ ತಪ್ಪು. ನಾನು ಪ್ರತಿ ಸಲ ಇಷ್ಟು ಹಟ ಹಿಡಿಯೋದು ಯಾಕೆ ಅಂದರೆ, ಈ ಒಂದು ಮಾತಿನಿಂದ ಜನ ತಮ್ಮ ಗಾಡಿಯ ಒಳ್ಳೆಯ ಬ್ರೇಕನ್ನೇ ಬಿಟ್ಟುಬಿಟ್ಟು ಸುಮ್ನೆ ಹಿಂದಿನದನ್ನು ನಂಬಿಕೊಂಡು ಇಳಿಜಾರಿಗೆ ಇಳಿಯುತ್ತಾರೆ.

ನಿಂತುಕೊಂಡು ಬಸ್ಸಲ್ಲಿ ಹೋಗುವಾಗ ಡ್ರೈವರ್ ಬ್ರೇಕ್ ಹಾಕಿದರೆ ನೀವು ಯಾವ ಕಡೆ ವಾಲುತ್ತೀರಿ? ಮುಂದಕ್ಕೆ. ಸ್ಕೂಟರ್‌ನಲ್ಲೂ ಅದೇ ಆಗೋದು. ಬ್ರೇಕ್ ಹಿಡಿದ ಕೂಡಲೇ ನಿಮ್ಮ ಭಾರ, ಗಾಡಿಯ ಭಾರ ಎರಡೂ ಮುಂದಿನ ಚಕ್ರದ ಮೇಲೆ ಬಂದು ಕೂರುತ್ತದೆ. ಮುಂದಿನ ಟೈರ್ ರಸ್ತೆಯನ್ನು ಒತ್ತಿ ಹಿಡಿಯುತ್ತದೆ, ಹಿಂದಿನ ಟೈರ್ ಹಗುರವಾಗುತ್ತದೆ. ಹಗುರವಾದ ಟೈರಿಗೆ ರಸ್ತೆಯ ಹಿಡಿತ ಕಡಿಮೆ. ಅದರ ಮೇಲೆ ಇನ್ನೂ ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ಲಾಕ್ ಆಗಿ ಜಾರುತ್ತದೆ, ಗಾಡಿ ಹಿಂದೆ ಬಾಲ ಬೀಸುತ್ತದೆ. ಸ್ಕೂಟರ್‌ನಲ್ಲಿ ಎಂಜಿನ್ ಹಿಂದೆ ಇರೋದರಿಂದ ಹಿಂದಿನ ಬ್ರೇಕ್ ಬೈಕಿಗಿಂತ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತದೆ, ಅದು ನಿಜ. ಹಾಗಂತ ಭಾರ ಮುಂದಕ್ಕೆ ಹೋಗೋದೇನೂ ನಿಲ್ಲೋಲ್ಲ.

ಲೆಕ್ಕದಲ್ಲಿ ನೋಡಿ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಎದುರಿಗೆ ಏನೋ ಬಂತು ಅಂತ ತಲೆಗೆ ಹೊಳೆದು ಬೆರಳು ಲಿವರ್ ತಲುಪೋಕೆ ಒಂದು ಸೆಕೆಂಡ್ ಹಿಡಿದರೂ ಅಷ್ಟರಲ್ಲಿ 11 ಮೀಟರ್ ಹೋಯಿತು. ಆಮೇಲೆ, ಒಣ ಟಾರ್ ರಸ್ತೆಯಲ್ಲಿ ಎರಡೂ ಬ್ರೇಕ್ ಸರಿಯಾಗಿ ಹಿಡಿದರೆ ಸುಮಾರು 10 ಮೀಟರಿನಲ್ಲಿ ನಿಲ್ಲಬಹುದು. ಹಿಂದಿನದೊಂದೇ ಆದರೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೇಕು. ಆ ಹೆಚ್ಚಿನ 10 ಮೀಟರಿನಲ್ಲಿ ಒಂದು ಕಾರು, ಒಂದು ಮಗು, ತಿರುವಿನ ತಡೆಗೋಡೆ, ಏನು ಬೇಕಾದರೂ ಇರಬಹುದು, ಅಲ್ವಾ?

"ನಿಧಾನ ಹೋಗ್ತೀವಲ್ಲ" ಅನ್ನುವವರಿಗೆ ಇನ್ನೊಂದು ವಿಷಯ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲಿಸ್ ಸುತ್ತಮುತ್ತ ಸುಮಾರು 900 ದ್ವಿಚಕ್ರ ವಾಹನ ಅಪಘಾತಗಳನ್ನು ಒಂದೊಂದಾಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಹಳೆಯದೇ, ಆದರೆ ಇವತ್ತಿಗೂ ನಾನು ಅದನ್ನೇ ಹೇಳಿಕೊಡುತ್ತೇನೆ. ಅಪಾಯ ಎದುರಾಗುವ ಮುಂಚಿನ ವೇಗವನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಇಟ್ಟರೆ ನಡುವಿನದು ಗಂಟೆಗೆ 48 ಕಿ.ಮೀ. ಅಷ್ಟೇ. ಡಿಕ್ಕಿಯಾದ ಕ್ಷಣದ ವೇಗದಲ್ಲಿ ನಡುವಿನದು 35ರ ಆಸುಪಾಸು. ಅಂದರೆ ರೇಸ್ ಓಡಿಸಿ ಬಿದ್ದವರ ಕಥೆ ಅಲ್ಲ ಇದು. ಏನಾದರೂ ಮಾಡೋಕೆ ಸವಾರರಿಗೆ ಸಿಕ್ಕಿದ್ದು ಎರಡು ಸೆಕೆಂಡಿಗಿಂತ ಕಡಿಮೆ. ಆ ಎರಡು ಸೆಕೆಂಡಿನಲ್ಲಿ ಹೆಚ್ಚಿನವರು ಮಾಡಿದ್ದೇನು ಗೊತ್ತಾ? ಹಿಂದಿನ ಬ್ರೇಕನ್ನು ವಿಪರೀತ ಒತ್ತಿ ಚಕ್ರ ಜಾರಿಸಿದರು, ಮುಂದಿನದನ್ನು ಸಾಲದಷ್ಟು ಹಿಡಿದರು. ಅವರಲ್ಲಿ ನೂರಕ್ಕೆ 92 ಜನ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಸ್ನೇಹಿತರಿಂದ ಕಲಿತವರು. ಈ ಮಾತು ಎಲ್ಲಿಂದ ಎಲ್ಲಿಗೆ ದಾಟಿಕೊಂಡು ಬರುತ್ತಿದೆ ಅಂತ ನೀವೇ ನೋಡಿ.

ಹಾಗಾದರೆ "ನಾನೇ ಕಣ್ಣಾರೆ ನೋಡಿದ್ದೀನಿ, ಮುಂದಿನ ಬ್ರೇಕ್ ಹಿಡಿದವರು ಬಿದ್ದರು" ಅನ್ನುವವರು? ಅವರು ಸುಳ್ಳು ಹೇಳುತ್ತಿಲ್ಲ. ಬಿದ್ದಿರುತ್ತಾರೆ. ಹೇಗೆ ಹಿಡಿದರು, ಎಲ್ಲಿ ಹಿಡಿದರು ಅನ್ನೋದನ್ನು ಮಾತ್ರ ಯಾರೂ ಹೇಳೋಲ್ಲ. ಹ್ಯಾಂಡಲ್ ತಿರುಗಿಸಿಕೊಂಡಿದ್ದಾಗ ಹಿಡಿದರೆ ಬೀಳುತ್ತಾರೆ. ಮರಳಿನ ಮೇಲೆ, ಜಲ್ಲಿಯ ಮೇಲೆ, ಒದ್ದೆ ಎಲೆಗಳ ಮೇಲೆ ಗಬಕ್ಕನೆ ಹಿಡಿದರೆ ಬೀಳುತ್ತಾರೆ. ಭಾರ ಮುಂದಕ್ಕೆ ಬರೋಕೂ ಬಿಡದೆ ಒಂದೇ ಏಟಿಗೆ ಲಿವರ್ ಜಗ್ಗಿದರೆ, ಹಿಡಿತ ಸಿಗೋಕೆ ಮೊದಲೇ ಚಕ್ರ ಲಾಕ್ ಆಗುತ್ತದೆ. ಅಲ್ಲಿ ತಪ್ಪಿದ್ದು ಬ್ರೇಕ್ ಅಲ್ಲ, ಹಿಡಿದ ರೀತಿ.

ಹಿಡಿಯೋ ರೀತಿ ಇದು. ಆಕ್ಸಿಲರೇಟರ್ ಪೂರ್ತಿ ಬಿಡಿ. ಹ್ಯಾಂಡಲ್ ನೇರ ಇರಲಿ. ಎರಡೂ ಲಿವರ್‌ಗಳನ್ನು ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ ಹಿಡಿಯುತ್ತಾ ಹೋಗಿ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ದೂರಕ್ಕೆ ಇರಲಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನ ಒಳಗೆ ಹೋದ ಮೇಲೆ ಅಲ್ಲ. ಟೂರ್ ಶುರುವಾಗುವ ಮೊದಲು ಖಾಲಿ ಜಾಗದಲ್ಲಿ ಹತ್ತು ನಿಮಿಷ ಕೊಡಿ ಅಂತ ಗೈಡನ್ನು ಕೇಳಿ. 20 ಕಿ.ಮೀ. ವೇಗದಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸೋದನ್ನು ಹತ್ತು ಸಲ ಮಾಡಿ. ಮೂರನೇ ಸಲಕ್ಕೇ ಮುಖದ ಮೇಲಿನ ಭಯ ಹೋಗಿರುತ್ತದೆ. ಅದನ್ನು ನೋಡುವಾಗ ನನಗೆ ಆಗುವ ಖುಷಿ ಸರೋವರ ನೋಡಿದ್ದಕ್ಕಿಂತ ಕಡಿಮೆಯಲ್ಲ.

ಅಂದಹಾಗೆ, ಈಗಿನ ಅನೇಕ ಸ್ಕೂಟರ್‌ಗಳಲ್ಲಿ ಎಡಗೈಯ ಲಿವರ್ ಹಿಡಿದರೆ ಹಿಂದಿನ ಬ್ರೇಕ್ ಜೊತೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಹಾಗೆ ಜೋಡಿಸಿರುತ್ತಾರೆ. "ನಾನು ಮುಂದಿನ ಬ್ರೇಕ್ ಮುಟ್ಟೋದೇ ಇಲ್ಲ" ಅನ್ನುವ ಎಷ್ಟೋ ಜನ ವರ್ಷಗಳಿಂದ ದಿನವೂ ಅದನ್ನು ಬಳಸುತ್ತಿದ್ದಾರೆ, ಅವರಿಗೇ ಗೊತ್ತಿಲ್ಲ. ಯಾರೂ ಮುಗ್ಗರಿಸಿಲ್ಲ.

ಸರೋವರದ ದಾರಿಗೇ ಸೇರಿದ ಒಂದೆರಡು ಮಾತು. ಅಲ್ಲಿ ಮರದ ನೆರಳಿನ ತಿರುವುಗಳು ಬೇಗ ಒಣಗೋಲ್ಲ. ಬಿಸಿಲಿನಲ್ಲಿ ಒಣ ರಸ್ತೆ, ನೆರಳಿಗೆ ಬಂದರೆ ತೇವ, ಪಾಚಿ. ನೋಡುವ ಜಾಗಗಳ ಹತ್ತಿರ ಜಲ್ಲಿ ಚೆಲ್ಲಿರುತ್ತದೆ. ಎಲ್ಲಕ್ಕಿಂತ ದೊಡ್ಡದು ನೀರೇ. ಕಣ್ಣು ಎಲ್ಲಿಗೆ ಹೋಗುತ್ತದೋ ಗಾಡಿ ಅಲ್ಲಿಗೇ ಹೋಗುತ್ತದೆ. ಓಡಿಸುತ್ತಾ ಸರೋವರ ನೋಡಬೇಡಿ, ನಿಲ್ಲಿಸಿ ನೋಡಿ. ಟೂರ್‌ನಲ್ಲಿ ಅಷ್ಟೊಂದು ಕಡೆ ನಿಲ್ಲಿಸೋದು ಅದಕ್ಕೇ.

ನಿಲ್ಲಿಸಿದ ಮೇಲೆ ಮೊದಲು ಎಂಜಿನ್ ಆಫ್, ಆಮೇಲೆ ಇಳಿಯೋದು. ಹೊಸಬರು ಜಾಸ್ತಿ ಬೀಳೋದು ರಸ್ತೆಯಲ್ಲಿ ಅಲ್ಲ, ಇಲ್ಲಿ. ಗಾಡಿ ಚಾಲೂ ಇರುತ್ತದೆ, ಇಳಿದು ತಳ್ಳೋಕೆ ಅಂತ ಹ್ಯಾಂಡಲ್ ಹಿಡಿದು ಎಳೆಯುತ್ತಾರೆ, ಆಕ್ಸಿಲರೇಟರ್ ತಿರುಗಿಬಿಡುತ್ತದೆ. ಬ್ಯಾಟರಿ ಸ್ಕೂಟರ್ ಆದರೆ ಶಬ್ದವೂ ಇರೋಲ್ಲ, ಆನ್ ಇದೆ ಅಂತಲೇ ಗೊತ್ತಾಗೋಲ್ಲ.

ಗುಂಪಿನಲ್ಲಿ ಹೋಗುವಾಗ ಮುಂದಿನ ಗಾಡಿಗೂ ನಿಮಗೂ ಕನಿಷ್ಠ ಎರಡು ಸೆಕೆಂಡಿನ ಅಂತರ ಇರಲಿ. ಅವರು ಒಂದು ಕಂಬ ದಾಟಿದಾಗ ಎಣಿಸೋಕೆ ಶುರು ಮಾಡಿ, ಎರಡು ಎಣಿಸುವ ಮುಂಚೆ ನೀವು ಆ ಕಂಬ ಮುಟ್ಟಿದರೆ ಹತ್ತಿರ ಆಯಿತು ಅಂತ ಅರ್ಥ.

ಲೈಸನ್ಸ್ ಬಗ್ಗೆ ಚಿಕ್ಕದಾಗಿ: ಗೈಡ್ ಇದ್ದರೂ ಬೇಕು. ಕಾರಿನದು ಮಾತ್ರ ಇದ್ದರೆ ಸಾಲದು, ದ್ವಿಚಕ್ರದ್ದು ಬೇಕು ಅಂತ ಹೆಚ್ಚಿನ ಕಡೆ ನಿಯಮ. ಬೇರೆ ದೇಶದಲ್ಲಿ ಆದರೆ ಅಂತರರಾಷ್ಟ್ರೀಯ ಪರ್ಮಿಟ್ ಕೂಡ ಕೇಳಬಹುದು. ಅದರಲ್ಲಿ 1949ರ ಜಿನೀವಾ ಒಪ್ಪಂದದ್ದು ಒಂದು, 1968ರ ವಿಯೆನ್ನಾ ಒಪ್ಪಂದದ್ದು ಇನ್ನೊಂದು, ಎಲ್ಲ ದೇಶಗಳೂ ಎರಡನ್ನೂ ಒಪ್ಪೋಲ್ಲ. ಸರಿಯಾದ ಲೈಸನ್ಸ್ ಇಲ್ಲದೆ ಬಿದ್ದರೆ ಪ್ರಯಾಣದ ವಿಮೆ ಕೈಕೊಡಬಹುದು, ಪಾಲಿಸಿ ಮೊದಲೇ ಓದಿಕೊಳ್ಳಿ. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರಬೇಕು, ಪಟ್ಟಿ ಹಾಕಿದ ಮೇಲೆ ಹಿಂದಿನಿಂದ ಎತ್ತಿದರೆ ಕಳಚಬಾರದು. ಅನೇಕ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಶೇ. 69ರಷ್ಟು ಇಳಿಸುತ್ತದೆ ಅಂತ ಕಂಡುಬಂದಿದೆ.

ಇನ್ನು ನೀವು ಕೇಳದ ಒಂದು ಪ್ರಶ್ನೆ. ಸರೋವರವನ್ನು ಯಾವ ಕಡೆಯಿಂದ ಸುತ್ತಬೇಕು?

ನಮ್ಮ ಮನಸ್ಸು ತಾನಾಗಿಯೇ ಪ್ರದಕ್ಷಿಣೆಯ ಕಡೆ ಹೋಗುತ್ತದೆ. ಪ್ರದಕ್ಷಿಣೆ ಹಾಕಿದರೆ ಸರೋವರ ಬಲಕ್ಕೆ ಬರುತ್ತದೆ. ರಸ್ತೆಯ ಎಡಭಾಗದಲ್ಲಿ ಓಡಿಸುವ ದೇಶದಲ್ಲಿ ಆಗ ನಿಮಗೂ ನೀರಿಗೂ ಮಧ್ಯೆ ಎದುರಿನಿಂದ ಬರುವ ಗಾಡಿಗಳ ಸಾಲು ಇರುತ್ತದೆ. ಪ್ರತಿ ನೋಡುವ ಜಾಗದಲ್ಲೂ ರಸ್ತೆ ಅಡ್ಡ ದಾಟಬೇಕು, ವಾಪಸ್ ಬರೋಕೆ ಮತ್ತೆ ದಾಟಬೇಕು. ಅಪ್ರದಕ್ಷಿಣೆಯಲ್ಲಿ ಹೋದರೆ ನೀರು ನಿಮ್ಮ ಎಡಕ್ಕೇ ಇರುತ್ತದೆ, ಸುಮ್ನೆ ಪಕ್ಕಕ್ಕೆ ತಗೊಂಡು ನಿಲ್ಲಿಸಬಹುದು.

ಇದರಲ್ಲಿ ಇನ್ನೊಂದು ಲಾಭ ಇದೆ, ಹೆಚ್ಚಿನವರು ಗಮನಿಸಿರೋಲ್ಲ. ನೆಲ ಮೂಗಿನ ಹಾಗೆ ನೀರೊಳಗೆ ಚಾಚಿಕೊಂಡಿರುವ ಕಡೆ ರಸ್ತೆ ಆ ಮೂಗನ್ನು ಸುತ್ತಿಕೊಂಡು ಹೋಗುತ್ತದೆ. ತಿರುವಿನ ಒಳಗಡೆ ಗುಡ್ಡವೋ ಮರವೋ ಇದ್ದು ಎದುರಿನದು ಕಾಣೋಲ್ಲ. ಅಪ್ರದಕ್ಷಿಣೆಯಲ್ಲಿ ನೀವು ಆ ತಿರುವಿನ ಹೊರಬದಿಯಲ್ಲಿ ಇರುತ್ತೀರಿ, ಆದ್ದರಿಂದ ಎದುರು ಬರುವವರು ಸ್ವಲ್ಪ ಮುಂಚೆಯೇ ಕಾಣುತ್ತಾರೆ. ನೀರು ಒಳಕ್ಕೆ ಬಂದಿರುವ ಕಡೆ ನೀವು ತಿರುವಿನ ಒಳಬದಿ, ಆದರೆ ಅಲ್ಲಿ ಮಧ್ಯದಲ್ಲಿರೋದು ನೀರು, ಆಚೆ ಕಡೆಯ ರಸ್ತೆ ಪೂರ್ತಿ ಕಾಣುತ್ತದೆ. ರಸ್ತೆಯ ಅಂಚಿಗೆ ತಡೆಗೋಡೆ ಇಲ್ಲದಿದ್ದರೆ ಮಾತ್ರ ಯೋಚಿಸಬೇಕು, ಯಾಕೆಂದರೆ ಆ ಅಂಚು ಈಗ ನಿಮ್ಮ ಬದಿಗೇ ಇರುತ್ತದೆ. ಬಲಭಾಗದಲ್ಲಿ ಓಡಿಸುವ ದೇಶವಾದರೆ ಎಲ್ಲ ಉಲ್ಟಾ, ಅಲ್ಲಿ ಪ್ರದಕ್ಷಿಣೆಯೇ ಸರಿ.

ಹೊತ್ತು? ಬೆಳಿಗ್ಗೆ. ಹಗಲು ಏರಿದ ಹಾಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲಕ್ಕೆ ಹೋಗುತ್ತದೆ, ನೀರಿನ ಕಡೆಯಿಂದ ತಂಪು ಗಾಳಿ ನುಗ್ಗಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು ಚಿಕ್ಕ ಸ್ಕೂಟರನ್ನು ಪಕ್ಕಕ್ಕೆ ತಳ್ಳುವಷ್ಟು ಜೋರಾಗಬಹುದು. ಬೆಳಿಗ್ಗೆ ನೀರು ಕದಡಿರೋಲ್ಲ, ಗುಡ್ಡಗಳು ತಲೆಕೆಳಗಾಗಿ ಅದರಲ್ಲಿ ಕಾಣುತ್ತವೆ. ಆಗ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರುತ್ತಾನೆ, ಆಚೆ ದಡದ ಒಂದೊಂದು ಮರವೂ ಬೆಳಕಿನಲ್ಲಿ ಇರುತ್ತದೆ. ಮೊದಲು ಯಾವ ದಡದಲ್ಲಿ ನಿಲ್ಲಿಸುತ್ತೀರಿ ಅಂತ ಹೊರಡುವ ಮುಂಚೆ ಗೈಡನ್ನು ಕೇಳಿ ನೋಡಿ.